ಅಪ್ಪು ಬದಲು ಅವ್ವ

ಮಳವಳ್ಳಿಯಲ್ಲಿ ಶಿಕ್ಷಕರ ಕಬಡ್ಡಿ ಪಂದ್ಯ ಇತ್ತು. ಅಪ್ಪು ಎದುರಾಳಿಗಳ ಅಂಗಳಕ್ಕೆ ನುಗ್ಗಿ, ಇಬ್ಬರನ್ನು ಮುಟ್ಟಿ ವಾಪಸು ಓಡುವಾಗ ಮೂವರು ಒಟ್ಟಿಗೆ ಅವನ ಮೇಲೆ ಬಿದ್ದರು. ಪಾಯಿಂಟೇನೋ ಸಿಕ್ಕಿತು. ಜೊತೆಗೆ ಎಡಗಡೆಯ ಕೊರಳೆಲುಬೂ ಮುರಿಯಿತು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, "ಬೇಸಿಗೆವರೆಗೂ ಸೈಕಲ್ ಮುಟ್ಟಬೇಡಿ ಮೇಷ್ಟ್ರೇ" ಅಂದರು. ಅಪ್ಪುವಿಗಿಂತ ಮೊದಲು ಕಣ್ಣು ತುಂಬಿಕೊಂಡವಳು ಪಕ್ಕದಲ್ಲಿ ನಿಂತಿದ್ದ ಅವನ ಹೆಂಡತಿ ರಂಜಿತ.

ಅದಕ್ಕೆ ಕಾರಣವಿತ್ತು. ಅಪ್ಪು ಕೊತ್ತತ್ತಿಯವನು, ಮಂಡ್ಯದ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರು. ರಂಜಿತ ಮಂಡ್ಯ ಪೇಟೆಯಲ್ಲೇ ಹುಟ್ಟಿ ಬೆಳೆದವಳು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಮದುವೆಯಾದ ಹೊಸದರಿಂದ ಇಬ್ಬರಿಗೂ ಸೈಕಲ್ಲಿನ ಹುಚ್ಚು. ಭಾನುವಾರ ಬಂತೆಂದರೆ ಕಾಲುವೆ ಏರಿಯ ಮೇಲೆ ಹೊರಟುಬಿಡುವರು. ಆ ಹುಚ್ಚಿನಲ್ಲೇ ಒಂದು ದೊಡ್ಡ ಪ್ರವಾಸಕ್ಕೆ ಹೆಸರು ಕೊಟ್ಟಿದ್ದರು. ಥಾಯ್ಲೆಂಡಿನ ಅಂಚಿನಿಂದ ಹೊರಟು, ಲಾವೋಸಿಗೆ ದಾಟಿ, ಮೆಕಾಂಗ್ ಎಂಬ ನದಿಯ ಜೊತೆಜೊತೆಗೇ ಕಾಂಬೋಡಿಯಾ ಇಳಿದು ವಿಯೆಟ್ನಾಮಿನ ತನಕ ಸೈಕಲ್ ತುಳಿಯುವುದು. ಸೈಕಲ್ಲು, ಊಟ, ವಸತಿ ಎಲ್ಲಾ ಪ್ರವಾಸ ನಡೆಸುವ ಕಂಪನಿಯವರದೇ. ದಾರಿ ತೋರಿಸಲು ಗೈಡ್ ಇರುತ್ತಾರೆ, ಲಗೇಜು ಹೊತ್ತ ವ್ಯಾನು ಹಿಂದೆ ಬರುತ್ತದೆ. ಸಂಕ್ರಾಂತಿ ಕಳೆದ ಮೇಲೆ ಹೊರಡುವುದೆಂದು ನಿಗದಿಯಾಗಿತ್ತು. ಕೊರಳೆಲುಬು ಮುರಿದದ್ದು ದಸರಾ ಆದಮೇಲೆ.

ಕಂಪನಿಯವರು ಫೋನಿನಲ್ಲಿ ಹೇಳಿದ್ದಿಷ್ಟು: ಬುಕಿಂಗಿನ ಹಣ ವಾಪಸಾಗುವುದಿಲ್ಲ, ಬೇಕಾದರೆ ಹೆಸರು ಬದಲಾಯಿಸಬಹುದು. ರಂಜಿತ ಗೆಳತಿಯರನ್ನೆಲ್ಲ ಕೇಳಿ ನೋಡಿದಳು. ಒಬ್ಬಳಿಗೆ ರಜೆಯಿಲ್ಲ, ಒಬ್ಬಳಿಗೆ ಸೈಕಲ್ ಬರುವುದಿಲ್ಲ, ಇನ್ನೊಬ್ಬಳ ಗಂಡ ಬಿಡುವುದಿಲ್ಲ.

ಒಂದು ಸಂಜೆ ಮನೆಯ ಜಗಲಿಯ ಮೇಲೆ ಎಲ್ಲರೂ ಕೂತಿದ್ದರು. ಅಪ್ಪುವಿನ ತಾಯಿ ಚಿಕ್ಕಬೋರಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ತಂದೆ ಬೋರಯ್ಯ ಕಂಬಕ್ಕೆ ಒರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಕೈಯನ್ನು ಕೊರಳಿಗೆ ನೇತುಹಾಕಿಕೊಂಡಿದ್ದ ಅಪ್ಪು ಸುಮ್ಮನೆ ತಮಾಷೆಗೆ ಅಂದ: "ಅವ್ವ, ನೀನೇ ಓಗ್ಬುಟ್ಟು ಬಾ. ದಿನಾ ಡೇರಿಗೆ ಆಲು ತಕಂಡು ಸೈಕಲ್ನಾಗೇ ಓಯ್ತೀಯಲ್ಲ."

ಎಲ್ಲರೂ ನಕ್ಕರು. ಚಿಕ್ಕಬೋರಮ್ಮ ಮಾತ್ರ ನಗದೆ ಅವರೆಕಾಯಿಯನ್ನೇ ನೋಡುತ್ತಿದ್ದಳು. ಮಾರನೆಯ ಬೆಳಿಗ್ಗೆ ಮಗ ಹಲ್ಲುಜ್ಜುತ್ತಿರುವ ಕಡೆಗೇ ಬಂದು ನಿಂತು ಕೇಳಿದಳು. "ಅಪ್ಪು, ನೆನ್ನೆ ನೀ ಯೋಳಿದ್ದು ದಿಟ್ವಾ, ತಮಾಸೆಗಾ?"

ಐವತ್ತು ದಾಟಿದ ಹೆಂಗಸು. ತವರುಮನೆ ಕಿರುಗಾವಲಿನಲ್ಲಿ, ಅಣ್ಣನ ಸೈಕಲ್ಲಿನ ಬಾರಿನ ಒಳಗೆ ಕಾಲು ತೂರಿಸಿ ತುಳಿಯಲು ಕಲಿತಿದ್ದಳು. ಮದುವೆಯಾಗಿ ಕೊತ್ತತ್ತಿಗೆ ಬಂದಮೇಲೆ ಹಾಲಿನ ಕ್ಯಾನು, ಹುಲ್ಲಿನ ಹೊರೆ ಎಲ್ಲವನ್ನೂ ಸೈಕಲ್ಲಿನ ಮೇಲೆಯೇ ಸಾಗಿಸಿದಳು. ಊರಿನವರು ಮೊದಮೊದಲು ನಕ್ಕು, ಆಮೇಲೆ ಮರೆತುಬಿಟ್ಟರು. ಅಷ್ಟೆಲ್ಲಾ ತುಳಿದರೂ ಅವಳು ನೋಡಿದ್ದು ಧರ್ಮಸ್ಥಳ, ತಿರುಪತಿ ಮಾತ್ರ, ಅದೂ ಬಸ್ಸಿನಲ್ಲಿ.

ಅಪ್ಪು ಕುಣಿದಾಡಿಬಿಟ್ಟ. ರಂಜಿತ ಮುಖದಲ್ಲಿ ನಗು ತಂದುಕೊಂಡು, "ತುಂಬಾ ಒಳ್ಳೆಯದಾಯಿತು ಅತ್ತೆ" ಅಂದಳು. ಒಳಗೆ ಎದೆ ಕುಸಿದಿತ್ತು. ಅತ್ತೆ ಕೆಟ್ಟವಳಲ್ಲ. ಆದರೆ ಮದುವೆಯಾಗಿ ಮೂರು ವರ್ಷವಾದರೂ ಅತ್ತೆ ಸೊಸೆ ನೇರವಾಗಿ ಮಾತಾಡಿದ್ದೇ ಅಪರೂಪ. ಚಿಕ್ಕಬೋರಮ್ಮ ಏನು ಹೇಳುವುದಿದ್ದರೂ ಮಗನ ಮೂಲಕ. ಸೊಸೆ ಪಕ್ಕದಲ್ಲೇ ಕೂತಿದ್ದರೂ "ಅಪ್ಪು, ರಂಜಿತಂಗೆ ಯೋಳು, ಸಾರು ಬಿಸಿ ಮಾಡ್ಕಳ್ಳಕ್ಕೆ" ಎನ್ನುವಳು. ಅಪ್ಪು ಅದನ್ನೇ ಮತ್ತೊಮ್ಮೆ ಹೇಳುವನು. ಅತ್ತೆಗೆ ನಾನು ಇಷ್ಟವಿಲ್ಲ ಎಂದು ರಂಜಿತ ಯಾವತ್ತೋ ತೀರ್ಮಾನಿಸಿಕೊಂಡಿದ್ದಳು. ಈಗ ಮೂರು ವಾರ ಒಂದೇ ರೂಮಿನಲ್ಲಿ, ಮಧ್ಯೆ ಅಪ್ಪುವೇ ಇಲ್ಲದೆ. ಪಾಸ್‌ಪೋರ್ಟು ಬರದೇ ಹೋದರೆ ಸಾಕಪ್ಪಾ ಎಂದು ಅವಳು ಒಂದೆರಡು ಸಲ ದೇವರನ್ನು ಕೇಳಿಕೊಂಡದ್ದೂ ಉಂಟು.

ಪಾಸ್‌ಪೋರ್ಟಿನ ವಿಚಾರಣೆಗೆ ಕಾನ್‌ಸ್ಟೇಬಲ್ ಮಾದಯ್ಯ ಮನೆಗೆ ಬಂದ.

"ಯಾವ ದೇಸಕ್ಕಮ್ಮ?" ಅಂದ.

"ನಾಕು ದೇಸ" ಅಂದಳು ಚಿಕ್ಕಬೋರಮ್ಮ.

"ಮಕ್ಳೇನಾರೂ ಅಲ್ಲಿ ಅವ್ರಾ?"

"ಯಾರೂ ಇಲ್ಲ ಕಣಪ್ಪ."

"ಮತ್ತೇನಕ್ಕೆ?"

"ಸೈಕಲ್ ತುಳಿಯಕ್ಕೆ."

ಮಾದಯ್ಯನ ಪೆನ್ನು ನಿಂತಿತು. "ಯಾಕೆ, ಇಲ್ಲಿ ರೋಡಿಲ್ವಾ?"

ಒಳಗಿನಿಂದ ಬೋರಯ್ಯನವರ ದನಿ ಬಂತು. "ನಾನೂ ಅದನ್ನೇ ಕೇಳ್ದೆ ಕಣಪ್ಪ!"

ಹಾಗೆಂದರೂ ಬೋರಯ್ಯ ತಡೆಯಲಿಲ್ಲ. "ಓಗ್ಬುಟ್ಟು ಬಾ. ಅಸ ನಾ ನೋಡ್ಕತೀನಿ" ಅಂದರು. ಕೆಂಪಿ ಎಂಬ ಆ ಹಸು ಚಿಕ್ಕಬೋರಮ್ಮನನ್ನು ಬಿಟ್ಟು ಬೇರೆ ಯಾರಿಗೂ ಹಾಲು ಕೊಡುವುದಿಲ್ಲ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಆ ಹೊತ್ತಿನಲ್ಲಿ ಯಾರೂ ಅದನ್ನು ಎತ್ತಲಿಲ್ಲ.

ಪಾಸ್‌ಪೋರ್ಟು ಬಂತು. ಅತ್ತೆ ಸೊಸೆ ಅಭ್ಯಾಸಕ್ಕೆ ಇಳಿದರು. ಮೊದಲ ದಿನ ಚಿಕ್ಕಬೋರಮ್ಮ ಸೀರೆಯಲ್ಲೇ ಬಂದಳು. ಮಗನ ಗೇರಿನ ಸೈಕಲ್ಲಿನ ಚೈನಿಗೆ ಸೆರಗು ಸಿಕ್ಕಿ, ಕೊತ್ತತ್ತಿಯ ಬಸ್ ಸ್ಟಾಪೂ ದಾಟಲಾಗಲಿಲ್ಲ. ರಂಜಿತ ಮಂಡ್ಯದ ಅಂಗಡಿಯಲ್ಲಿ ಎರಡು ದೊಗಳೆ ಚೂಡಿದಾರ್ ತಂದು ಅಪ್ಪುವಿನ ಕೈಯಲ್ಲಿ ಕೊಡಿಸಿದಳು. ಅದನ್ನು ತೊಟ್ಟು ಹೊರಗೆ ಬಂದ ಚಿಕ್ಕಬೋರಮ್ಮ, ಎದುರುಮನೆಯ ಪಟ್ಟಲಮ್ಮ ಬಾಯಿ ತೆರೆಯುವುದಕ್ಕೂ ಮುಂಚೆಯೇ, "ಏನ್ ನೋಡ್ತೀಯೆ? ಕಾಲು ಎಲ್ಡೇ ಅವೆ, ನಿಂಗಿರಂಗೆ" ಎಂದು ಹೇಳಿ ಪೆಡಲ್ ತುಳಿದಳು.

ಮದ್ದೂರಿಗೆ ಹೋಗಿ ಬಂದರು, ಮಳವಳ್ಳಿಗೆ ಹೋಗಿ ಬಂದರು. ಕಿರುಗಾವಲಿಗೆ ಹೋದ ದಿನ ತವರಿನವರು ಅಡ್ಡಹಾಕಿ, ಕೋಳಿ ಸಾರು ಮಾಡಿ ಹಾಕಿ, ಸಂಜೆತನಕ ಬಿಡಲಿಲ್ಲ. ಚಿಕ್ಕಬೋರಮ್ಮನ ಕಾಲಿನ ಕಸುವು ನೋಡಿ ರಂಜಿತಳಿಗೇ ಆಶ್ಚರ್ಯ. ಎದುರು ಗಾಳಿಗೆ ತಲೆ ತಗ್ಗಿಸಿ ಒಂದೇ ಸಮ ತುಳಿಯುವಳು. ತೊಂದರೆ ಕಂಡದ್ದು ಮುತ್ತತ್ತಿಯ ದಾರಿಯಲ್ಲಿ. ಹಲಗೂರು ಕಳೆದು ಕಾಡಿನೊಳಗೆ ರಸ್ತೆ ಕಾವೇರಿಯ ಕಡೆಗೆ ಇಳಿಯತೊಡಗಿದಾಗ ಚಿಕ್ಕಬೋರಮ್ಮ ಗಕ್ಕನೆ ನಿಂತಳು. ಹುಟ್ಟಿದಾಗಿನಿಂದ ಕಾಲುವೆ ಬಯಲಿನಲ್ಲಿ ತುಳಿದವಳಿಗೆ ಇಳಿಜಾರು ಎಂಬುದೇ ಹೊಸದು.

ಸೈಕಲ್ ಇಳಿದು, ಬ್ಯಾಗಿನಿಂದ ಫೋನು ತೆಗೆದು ಮಗನಿಗೆ ಮಾಡಿದಳು. "ಅಪ್ಪು, ರಂಜಿತಂಗೆ ಯೋಳು, ನಾ ಇಲ್ಲಿಂದ ನಡ್ಕಂಡೇ ಬರದು ಅಂತ."

ರಂಜಿತ ಒಂದು ಮಾರು ದೂರದಲ್ಲಿ ನಿಂತಿದ್ದಳು. ಅವಳ ಫೋನು ರಿಂಗಾಯಿತು. "ಅವ್ವ ನಡ್ಕೊಂಡು ಬರ್ತಾಳಂತೆ ಕಣೇ" ಅಂದ ಅಪ್ಪು. "ಕೇಳಿಸ್ತು" ಎಂದು ರಂಜಿತ ಫೋನಿಟ್ಟಳು. ಮುತ್ತತ್ತಿರಾಯನೆಂಬ ಆಂಜನೇಯನ ಗುಡಿಯ ಹತ್ತಿರ ಹೊಳೆಗೆ ಕಾಲು ಇಳಿಬಿಟ್ಟು ಬಹಳ ಹೊತ್ತು ಕಾದಳು. ಅತ್ತೆ ಸೈಕಲ್ ತಳ್ಳಿಕೊಂಡು, ಬೆವರು ಒರೆಸಿಕೊಳ್ಳುತ್ತಾ ಬಂದಳು. ಇಬ್ಬರೂ ತಂದಿದ್ದ ಚಿತ್ರಾನ್ನ ತಿಂದು, ಕೋತಿಗಳಿಗೆ ಹೆದರಿ ಬೇಗ ಎದ್ದರು.

ಸಂಕ್ರಾಂತಿ ಕಳೆಯಿತು. ಹೊರಡುವ ದಿನ ಚಿಕ್ಕಬೋರಮ್ಮ ರಾಗಿಹಿಟ್ಟು, ಹುರುಳಿಕಾಳಿನ ಚಟ್ನಿಪುಡಿ, ನಿಪ್ಪಟ್ಟು ತುಂಬಿದ ಚೀಲ ಹಿಡಿದು ವಿಮಾನ ಹತ್ತಿದಳು.

ಗೈಡ್ ದೀಪಿಕ ಮೈಸೂರಿನ ಹುಡುಗಿ. ತಂಡದಲ್ಲಿ ಬೇರೆ ಬೇರೆ ಊರಿನವರಿದ್ದರು, ಹೆಚ್ಚಿನವರು ಇಂಗ್ಲಿಷ್, ಹಿಂದಿ ಆಡುವವರು. ಕನ್ನಡ ಬರುವವಳೊಬ್ಬಳು ಸಿಕ್ಕಳೆಂದು ಚಿಕ್ಕಬೋರಮ್ಮನಿಗೆ ಜೀವ ಬಂತು. ಅಪ್ಪುವಿನ ಕೆಲಸ ದೀಪಿಕಳ ಪಾಲಿಗೆ ಬಿತ್ತು. "ದೀಪಿಕ, ರಂಜಿತಂಗೆ ಯೋಳವ್ವ, ನೀರು ಕುಡಿಯಕ್ಕೆ." "ದೀಪಿಕ, ರಂಜಿತಂಗೆ ಕೇಳವ್ವ, ರೂಮಿನ ಬೀಗದ ಕೈ ಎಲ್ಲಿ ಅಂತ." ದೀಪಿಕ ಮೊದಲು ನಕ್ಕಳು. ಎರಡನೆಯ ದಿನಕ್ಕೆ ಅವಳಿಗೂ ಅದು ಅಭ್ಯಾಸವಾಯಿತು.

ಥಾಯ್ಲೆಂಡಿನ ಗಡಿ ದಾಟಿ ಲಾವೋಸಿಗೆ ಬಂದ ಮೇಲೆ ಕಾಫಿ ಬೆಳೆಯುವ ಒಂದು ಎತ್ತರದ ಬೆಟ್ಟಸೀಮೆ ಸಿಕ್ಕಿತು. ಮೇಲಕ್ಕೆ ಎಲ್ಲರನ್ನೂ ವ್ಯಾನಿನಲ್ಲಿ ಕರೆದೊಯ್ದರು. ಕೆಳಕ್ಕೆ ಸೈಕಲ್ಲಿನಲ್ಲಿ ಇಳಿಯುವುದು. ರಸ್ತೆ ಹಾವಿನಂತೆ ಕೆಳಗೆ ಹೋಗುತ್ತಿದ್ದುದನ್ನು ನೋಡಿ ಚಿಕ್ಕಬೋರಮ್ಮನ ಮುಖ ಬಿಳಿಚಿತು.

"ದೀಪಿಕ, ರಂಜಿತಂಗೆ ಯೋಳವ್ವ. ಅವ್ಳು ಓಗ್ಲಿ. ನಾ ವ್ಯಾನಲ್ಲಿ ಬತ್ತೀನಿ."

ದೀಪಿಕ ಬಾಯಿ ತೆರೆಯುವ ಮೊದಲೇ ರಂಜಿತ ಅಂದಳು: "ದೀಪಿಕ, ನಮ್ಮತ್ತೆಗೆ ಹೇಳಿ. ಅವರು ಬರದೆ ನಾನೂ ಹೋಗಲ್ಲ."

ಹಾಗೆ ಹೇಳಬೇಕೆಂದು ರಂಜಿತ ಯೋಚಿಸಿರಲಿಲ್ಲ. ಆ ಇಳಿಜಾರಿನ ಮೇಲೆ ಅವಳಿಗೆ ಬಹಳ ಆಸೆಯಿತ್ತು. ಆದರೆ ಹೆಲ್ಮೆಟ್ಟಿನ ಕೆಳಗೆ ಅತ್ತೆಯ ಮುಖ ಸಣ್ಣದಾಗಿ ಕಂಡಿತ್ತು.

ಚಿಕ್ಕಬೋರಮ್ಮ ಸೊಸೆಯನ್ನು ನೋಡಿದಳು, ರಸ್ತೆಯನ್ನು ನೋಡಿದಳು. ಸೈಕಲ್ ಹತ್ತಿದಳು.

ರಂಜಿತ ಮುಂದೆ, ಅತ್ತೆ ಹಿಂದೆ. "ಬ್ರೇಕು ಒಂದೇ ಸಲ ಹಿಡೀಬೇಡಿ ಅತ್ತೆ. ಹಿಡೀರಿ, ಬಿಡಿ. ಹಿಡೀರಿ, ಬಿಡಿ. ಈಗ ಬಲಗಡೆ ತಿರುವು. ನನ್ನ ಬೆನ್ನು ಮಾತ್ರ ನೋಡಿ." ಹಿಂದಿನಿಂದ ಸದ್ದಿಲ್ಲ. ಇದ್ದಾರೋ ಬಿದ್ದರೋ ಎಂದು ರಂಜಿತ ತಿರುತಿರುಗಿ ನೋಡಿದಳು. ಅತ್ತೆಯ ತುಟಿ ಮಾತ್ರ ಅಲುಗುತ್ತಿತ್ತು, ಬಹುಶಃ ಮುತ್ತತ್ತಿರಾಯನನ್ನು ನೆನೆಯುತ್ತಿದ್ದಳು. ಅರ್ಧ ಇಳಿಯುವಷ್ಟರಲ್ಲಿ ಹಿಂದಿನಿಂದ "ಉಯ್!" ಎಂಬ ಕೂಗು ಬಂತು. ಬೆಚ್ಚಿ ನೋಡಿದರೆ ಹೆದರಿಕೆಯ ಕೂಗಲ್ಲ. ಚೂಡಿದಾರಿನ ವೇಲು ಹಿಂದಕ್ಕೆ ಹಾರುತ್ತಿತ್ತು, ಚಿಕ್ಕಬೋರಮ್ಮ ಹಲ್ಲು ಬಿಟ್ಟು ನಗುತ್ತಿದ್ದಳು.

ಕೆಳಗೆ ಬಂದು ನಿಂತಾಗ ಬ್ರೇಕು ಹಿಡಿದ ಅತ್ತೆಯ ಬೆರಳುಗಳು ಮರಗಟ್ಟಿದ್ದವು. ರಂಜಿತ ಒಂದೊಂದಾಗಿ ಬಿಡಿಸಿ ತಿಕ್ಕಿದಳು. ಚಿಕ್ಕಬೋರಮ್ಮ ಉಸಿರು ಸುಧಾರಿಸಿಕೊಂಡು, "ದೀಪಿಕ, ಇನ್ನೊಂದ್ಸಲ ಮ್ಯಾಕೆ ಕರ್ಕಂಡೋಯ್ತರಾ ಕೇಳವ್ವ" ಅಂದಳು.

ಆಮೇಲೆ ದಾರಿ ಮೆಕಾಂಗ್ ನದಿಯ ಜೊತೆಗೇ ಸಾಗಿತು. ಹೊಳೆಯ ಮೀನೆಂದರೆ ಚಿಕ್ಕಬೋರಮ್ಮನಿಗೆ ಪ್ರಾಣ. ಏನು ಕೊಟ್ಟರೂ ಚಪ್ಪರಿಸಿ ತಿನ್ನುವಳು. ಊಟಕ್ಕೆ ಮುಖ ಸಿಂಡರಿಸಿದವಳು ರಂಜಿತ. ಕೊಳೆಸಿದ ಮೀನಿನ ರಸದ ವಾಸನೆ ಎಲ್ಲದರಲ್ಲೂ ಬಂದಂತಾಗಿ, ಬಾಳೆಹಣ್ಣು, ಬಿಸ್ಕತ್ತಿನಲ್ಲೇ ದಿನ ಕಳೆದಳು. ಕಾಂಬೋಡಿಯಾಕ್ಕೆ ಬಂದ ಸಂಜೆ ಅತ್ತೆ ರೂಮಿನಲ್ಲಿ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ತಟ್ಟೆ ಹಿಡಿದು ಬಂದಳು. ವಸತಿಯ ಅಡಿಗೆಯವಳ ಒಲೆಯ ಮುಂದೆ ಕೂತು ಮುದ್ದೆ ಕಟ್ಟಿದ್ದಳು. ಜೊತೆಗೆ ಟೊಮೇಟೊ ಹಿಂಡಿದ ಸಾರು. ತಟ್ಟೆಯನ್ನು ಸೊಸೆಯ ಮುಂದಿಟ್ಟು, ತಾನು ಹೊರಗೆ ಹೋಗಿ ಕೂತಳು. ಉಣ್ಣು ಎಂದು ಹೇಳಿಸಲು ಅಲ್ಲಿ ದೀಪಿಕ ಇರಲಿಲ್ಲ. ರಂಜಿತ ಕೊನೆಯ ತುತ್ತಿನವರೆಗೂ ಉಂಡಳು.

ಮರುದಿನ ನಡೆದದ್ದು ಇದು. ಸಾಲಾಗಿ ಹೋಗುತ್ತಿದ್ದ ತಂಡ ಮಧ್ಯಾಹ್ನ ಒಂದು ಪೇಟೆಯಲ್ಲಿ ಊಟಕ್ಕೆ ನಿಂತಾಗ ಚಿಕ್ಕಬೋರಮ್ಮ ಇರಲಿಲ್ಲ. ಕೊನೆಯಲ್ಲಿ ಬರುತ್ತಿದ್ದ ವ್ಯಾನಿನವನೂ ನೋಡಿರಲಿಲ್ಲ. ಅವಳ ಫೋನು ರಂಜಿತಳ ಬ್ಯಾಗಿನಲ್ಲೇ ಇತ್ತು. ದೀಪಿಕ ವ್ಯಾನು ಹತ್ತಿ ಹೆದ್ದಾರಿಯಲ್ಲಿ ಹಿಂದಕ್ಕೆ ಹೋದಳು. ರಂಜಿತ ಕಾಯಲಾರದೆ ಸೈಕಲ್ ತಿರುಗಿಸಿದಳು.

ಕಾಲುವೆ ಏರಿ ರಸ್ತೆಗೆ ಕೂಡುವ ಪ್ರತಿ ಕಡೆಯಲ್ಲೂ ಇಳಿದು ಫೋನಿನಲ್ಲಿದ್ದ ಅತ್ತೆಯ ಫೋಟೋ ತೋರಿಸಿದಳು. ಜನ ಇಲ್ಲವೆಂದು ತಲೆಯಾಡಿಸುತ್ತಿದ್ದರು. ಬಿಸಿಲು ಸುಡುತ್ತಿತ್ತು. ಲಾರಿಗಳು ಭರ್ರೆಂದು ಹೋಗುವಾಗಲೆಲ್ಲ ರಸ್ತೆಬದಿಯ ಹಳ್ಳದೊಳಗೆ ಇಣುಕಿ ನೋಡುತ್ತಿದ್ದಳು. ಮಾವನಿಗೆ ಏನು ಹೇಳುವುದು? ಅಪ್ಪುವಿಗೆ? ಅತ್ತೆಗೆ ಭಾಷೆ ಬಾರದು, ಕೈಯಲ್ಲಿ ಏನೂ ಇಲ್ಲ. ಎಲ್ಲೋ ಬಿದ್ದು, ಯಾರನ್ನು ಕೂಗಿದರೂ ತಿಳಿಯದೆ... ತುಳಿಯುತ್ತಲೇ ರಂಜಿತ ಅಳತೊಡಗಿದಳು. ಕೊನೆಗೆ ಎಳನೀರು ಮಾರುತ್ತಿದ್ದ ಒಬ್ಬಳು ಫೋಟೋ ನೋಡಿ ನಕ್ಕು, ಕಾಲುವೆ ಏರಿಯ ಕಡೆ ಕೈ ತೋರಿಸಿದಳು.

ಏರಿಯ ಮೇಲೆ ಸ್ವಲ್ಪ ದೂರ ಹೋದರೆ ಕಂಬಗಳ ಮೇಲೆ ನಿಂತ ಮರದ ಮನೆ. ಮನೆಯ ಕೆಳಗಿನ ನೆರಳಿನಲ್ಲಿ ಹಸು ಕಟ್ಟಿತ್ತು. ಪಕ್ಕದ ಮಂಚದ ಮೇಲೆ, ತಲೆಗೆ ಚೌಕಳಿ ಬಟ್ಟೆ ಸುತ್ತಿದ್ದ ಒಬ್ಬ ಮುದುಕಿಯ ಜೊತೆ ಚಿಕ್ಕಬೋರಮ್ಮ ಕಾಲು ಮಡಚಿ ಕೂತು, ಎಳನೀರು ಕುಡಿಯುತ್ತಾ, ಕೊತ್ತತ್ತಿಯ ಕನ್ನಡದಲ್ಲಿ ಏನನ್ನೋ ಹೇಳುತ್ತಿದ್ದಳು.

"ಎಲ್ಲಿ ಹಾಳಾಗಿ ಹೋಗಿದ್ದೆ ನೀನು?" ರಂಜಿತ ಸೈಕಲ್ ಬಿಸಾಕಿ ಕೂಗಿದಳು. "ಹೇಳಿ ಹೋಗಬೇಕು ಅಂತ ಗೊತ್ತಾಗಲ್ವಾ? ಎಲ್ಲಿ ಸತ್ತಳೋ ಅಂತ ಊರೆಲ್ಲಾ ಹುಡುಕಿ ಸಾಯ್ತಿದ್ದೀನಿ ನಾನು. ಇಲ್ಲಿ ಎಳನೀರು ಕುಡ್ಕೊಂಡು ಕೂತಿದ್ದೀಯಾ?"

ಮುದುಕಿ ಗಾಬರಿಯಾಗಿ ಎದ್ದು ನಿಂತಳು. ರಂಜಿತ ತಾನು ಆಡಿದ್ದು ಕಿವಿಗೆ ಬಿದ್ದವಳಂತೆ ತಟ್ಟನೆ ನಿಂತು, ಮುಖ ಮುಚ್ಚಿಕೊಂಡು ಅತ್ತಳು.

ಚಿಕ್ಕಬೋರಮ್ಮ ಎದ್ದು ಬಂದಳು. "ಅಳ್ಬ್ಯಾಡ ಕಣವ್ವ, ತಪ್ಪಾಯ್ತು. ಈ ಯಮ್ಮನ ಸೈಕಲ್ಲಿಂದ ಉಲ್ಲಿನ ಒರೆ ಕಳಚ್ಕಂಡಿತ್ತು. ಒಬ್ಳೇ ಎತ್ತಕ್ಕಾಯ್ತಿರ್ನಿಲ್ಲ. ಕಟ್ಕೊಟ್ಟು, ಬೀಳ್ದಂಗೆ ಇಡ್ಕಂಡು ಮನೆಗಂಟ ಬಂದೆ. ಕುಡ್ದೇ ಓಗು ಅಂತ ಕೂರ್ಸಿದ್ಲು." ಸೊಸೆಯ ಕಣ್ಣೊರೆಸುತ್ತಾ ನಕ್ಕುಬಿಟ್ಟಳು. "ಪರ್ವಾಗಿಲ್ಲ ಕಣೆ. ಸಂದಾಗಿ ಬೈತೀಯೆ."

"ತಪ್ಪಾಯ್ತು ಅತ್ತೆ. ಬಾಯಿಗೆ ಬಂದಂಗೆ..."

"ಏನ್ ತಪ್ಪಾಯ್ತು? ಮೂರ್ ವರ್ಸದಿಂದ ನೀನು ಅತ್ತೆ ಬನ್ನಿ, ಅತ್ತೆ ಕೂತ್ಕೊಳ್ಳಿ ಅಂತ ಪ್ಯಾಟೆ ಮಾತಾಡ್ತಿದ್ದೆ. ನಮ್ದು ಒಡ್ಡು ಮಾತು. ಓಗು, ಬಾ, ತಿನ್ನು ಅಂದ್ರೆ ನಿಂಗೆ ಬೈದಂಗೆ ಕೇಳ್ಸುತ್ತೇನೋ, ಎಲ್ಲಿ ನೊಂದ್ಕತೀಯೋ ಅಂತ ಅಪ್ಪು ಕೈಲಿ ಯೋಳುಸ್ತಿದ್ದೆ. ಅವ್ನಾದ್ರೆ ನಯವಾಗಿ ಯೋಳ್ತಾನೆ ಅಂತ."

ರಂಜಿತ ಮೂಗೊರೆಸಿಕೊಂಡು ಅತ್ತೆಯ ಮುಖವನ್ನೇ ನೋಡಿದಳು. "ನಾನು ನಿಮಗೆ ಇಷ್ಟ ಇಲ್ಲ ಅಂದ್ಕೊಂಡಿದ್ದೆ."

"ಅಯ್ಯೋ ನಿನ್ನ! ಅಂಗಿದ್ದಿದ್ರೆ ನಿಂಜೊತೆ ಇಷ್ಟು ದೂರ ಬತ್ತಿದ್ನಾ?"

ಮುದುಕಿಗೆ ಜಗಳ ಮುಗಿಯಿತೆಂದು ತಿಳಿದಿರಬೇಕು. ಇನ್ನೊಂದು ಎಳನೀರು ಕೊಚ್ಚಿ ರಂಜಿತಳ ಕೈಗಿಟ್ಟಳು. ಮೂವರೂ ಮಂಚದ ಮೇಲೆ ಕೂತರು. ದೀಪಿಕ ವ್ಯಾನಿನಲ್ಲಿ ಹುಡುಕಿಕೊಂಡು ಬಂದಾಗಲೂ ಅವರು ಎದ್ದಿರಲಿಲ್ಲ.

ಆ ದಿನದಿಂದ ದೀಪಿಕಳಿಗೆ ಆ ಕೆಲಸ ತಪ್ಪಿತು. ದಾರಿಯುದ್ದಕ್ಕೂ ಅತ್ತೆ ಸೊಸೆಯ ಮಾತು ನಿಲ್ಲುತ್ತಲೇ ಇರಲಿಲ್ಲ. ಅಪ್ಪು ಚಿಕ್ಕವನಿದ್ದಾಗ ಆಲೆಮನೆಯ ಗಾಣದಲ್ಲಿ ಕಬ್ಬಿನ ಹಾಲು ಕುಡಿದು ಹೊಟ್ಟೆ ಕೆಡಿಸಿಕೊಂಡದ್ದು, ಬೋರಯ್ಯ ಹೆಣ್ಣು ನೋಡಲು ಬಂದಾಗ ಕಿರುಗಾವಲಿನಲ್ಲಿ ಚಪ್ಪಲಿ ಕಳೆದುಕೊಂಡದ್ದು, ರಂಜಿತ ಕೆಲಸಕ್ಕೆ ಸೇರಿದ ಹೊಸದರಲ್ಲಿ ರಕ್ತ ನೋಡಿ ತಾನೇ ತಲೆಸುತ್ತಿ ಬಿದ್ದದ್ದು. ವಿಯೆಟ್ನಾಮಿನಲ್ಲಿ ದೋಣಿಯ ಮೇಲೆ ಸೈಕಲ್ಲುಗಳನ್ನಿಟ್ಟು ಹೊಳೆ ದಾಟುವಾಗ ಅಪ್ಪು ವಿಡಿಯೋ ಕಾಲ್ ಮಾಡಿದ. ಅವನ ಹಿಂದೆ ಕೊಟ್ಟಿಗೆಯಲ್ಲಿ ಬೋರಯ್ಯ ಹೆಂಡತಿಯ ಹಳೇ ಸೀರೆ ಮೈತುಂಬಾ ಹೊದ್ದು ಕೆಂಪಿಯ ಹಾಲು ಕರೆಯುತ್ತಿದ್ದರು. ಅತ್ತೆ ಸೊಸೆ ಒಬ್ಬರ ಮೇಲೊಬ್ಬರು ಬಿದ್ದು ನಕ್ಕದ್ದಕ್ಕೆ ದೋಣಿಯೇ ಅಲುಗಾಡಿತು.

"ನಗ್ಬ್ಯಾಡ್ರಿ" ಎಂದರು ಬೋರಯ್ಯ, ಕತ್ತೆತ್ತದೆ. "ಇಲ್ದಿದ್ರೆ ಒದೀತದೆ ಕಣ್ರಮ್ಮಿ."

ಊರಿಗೆ ಬಂದದ್ದು ಒಂದು ಬೆಳಿಗ್ಗೆ. ಬೆಂಗಳೂರಿನ ಏರ್‌ಪೋರ್ಟಿಗೆ ಬೋರಯ್ಯ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಮಗನ ಜೊತೆ ಬಂದಿದ್ದರು. ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿ, "ಕಪ್ಪಾಗ್ಬುಟ್ಟಿದ್ದೀಯೆ" ಅಂದರು. "ನೀವು ಸಣ್ಣಾಗ್ಬುಟ್ಟಿದ್ದೀರಿ" ಅಂದಳು ಅವಳು. ಅಷ್ಟು ಹೇಳಿ ಇಬ್ಬರೂ ಕಾರಿನವರೆಗೆ ಅಕ್ಕಪಕ್ಕದಲ್ಲೇ ನಡೆದರು. ಮದ್ದೂರಿನಲ್ಲಿ ವಡೆ ತಿನ್ನಲು ನಿಂತಾಗ ಅಪ್ಪು ಒಂದೊಂದು ದೇಶದ ಬಗ್ಗೆಯೂ ಕೇಳಿದ. ಅತ್ತೆ ಸೊಸೆ ಹೇಳಹೊರಟು, ನಡುವೆ ತಮ್ಮಷ್ಟಕ್ಕೇ ನಕ್ಕು, ಹೇಳಬೇಕಾದ್ದನ್ನೇ ಮರೆತರು. ಅವನಿಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಬೇಸಿಗೆ ಬಂತು, ಡಾಕ್ಟರು ಅಪ್ಪುವಿಗೆ ಸೈಕಲ್ ಹತ್ತಲು ಒಪ್ಪಿಗೆ ಕೊಟ್ಟರು. ಮೊದಲ ಭಾನುವಾರ ಮೂವರೂ ಮದ್ದೂರಿನ ಕಡೆ ಹೊರಟರು. ಕುಳಿತುಂಡು ಮೈ ಬೆಳೆಸಿಕೊಂಡಿದ್ದ ಅಪ್ಪು ಮಂಡ್ಯ ದಾಟುವಷ್ಟರಲ್ಲೇ ಏದುಸಿರು ಬಿಟ್ಟು ಹಿಂದೆ ಬಿದ್ದ. ಹೊಂಗೆಮರವೊಂದರ ನೆರಳು ಸಿಕ್ಕಿದಾಗ ಹೆಂಗಸರಿಬ್ಬರೂ ಇಳಿದು, ರಸ್ತೆಬದಿಯ ಕಲ್ಲಿನ ಮೇಲೆ ಕೂತು, ಸೌತೆಕಾಯಿ ಕೊಂಡು ಉಪ್ಪು ಖಾರ ಹಚ್ಚಿಕೊಂಡು ತಿನ್ನತೊಡಗಿದರು. ಅಪ್ಪುವಿನ ಪಾಲನ್ನು ರಂಜಿತ ಎತ್ತಿಟ್ಟಿದ್ದಳು. ದೂರದಲ್ಲಿ ಅವನು ಸೀಟಿನಿಂದ ಎದ್ದು, ಕಷ್ಟಪಟ್ಟು ತುಳಿಯುತ್ತಾ ಬರುವುದು ಕಂಡಿತು.

"ಬತ್ತಾವ್ನೆ, ಬತ್ತಾವ್ನೆ" ಅಂದಳು ಚಿಕ್ಕಬೋರಮ್ಮ. "ನೀರು ತಗದಿಡೆ, ಪಾಪ."